ಕರಡಿ ಬಿದ್ದ ಸದ್ದು

ಆ ಸ್ಟುಡಿಯೋದಲ್ಲಿ ಮೂವತ್ತು ವರ್ಷ ಸಿನಿಮಾಗಳ ಸಂಕಲನ ಮಾಡಿದವರನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಬೀಳುತ್ತಲೇ ಇರುವ ಕರಡಿಯ ಹಳೆಯ ಕಾರ್ಟೂನನ್ನು, ಮನೆಮಂದಿಯೆಲ್ಲ ನೋಡುವ ಹೊಸ ಸಿನಿಮಾ ಮಾಡಿದಾಗ ಅದರ ಸಂಕಲನವೂ ಅವರ ಪಾಲಿಗೇ ಬಂತು. ಕಂಪ್ಯೂಟರಿನಲ್ಲಿ ಮೂಡಿಸಿದ ಕರಡಿ ನಿಜವಾದ ಕರಡಿಯಂತೆಯೇ ಇತ್ತು, ಅದೇ ತೊಂದರೆಯಾಯಿತು. ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಇಟ್ಟ ಮೊದಲ ಪ್ರದರ್ಶನದಲ್ಲಿ ಅದು ಮಹಡಿಯಿಂದ ಬಿದ್ದಾಗ ಮಕ್ಕಳು ನಗಲಿಲ್ಲ. "ಪಾಪ, ಕಾಲು ಮುರೀತಾ?" ಎಂದು ಅಮ್ಮಂದಿರ ಕೈ ಹಿಡಿದುಕೊಂಡರು. ಇನ್ನೊಮ್ಮೆ ಹೀಗಾದರೆ ಬೀಳುವ ದೃಶ್ಯಗಳನ್ನೆಲ್ಲ ತೆಗೆದುಹಾಕುವುದಾಗಿ ನಿರ್ಮಾಪಕರು ಹೇಳಿಬಿಟ್ಟರು.

ಅಕ್ಕ ಹಳೆಯ ಕಾರ್ಟೂನನ್ನು ಮತ್ತೆ ಮತ್ತೆ ನೋಡಿದರು. ಕರಡಿ ನೆಲಕ್ಕೆ ಅಪ್ಪಳಿಸುವುದನ್ನು ಅದರಲ್ಲಿ ಒಮ್ಮೆಯೂ ತೋರಿಸಿರಲಿಲ್ಲ. ಮೇಲೆ ನಿಂತ ಕೋಳಿ ಕಿವಿಗೊಟ್ಟು ಕಾಯುತ್ತಿತ್ತು, ಅಷ್ಟೆ. ಅವರೂ ಪೆಟ್ಟಿನ ದೃಶ್ಯವನ್ನು ಕತ್ತರಿಸಿ, ಕೋಳಿಯ ಮುಖವನ್ನು ಉಳಿಸಿಕೊಂಡರು. ಎಷ್ಟು ಹೊತ್ತು ಕಾಯಿಸಬೇಕೆಂಬುದನ್ನು ಗಡಿಯಾರ ನೋಡದೆ, ತಮ್ಮ ಉಸಿರನ್ನೇ ಬಿಗಿಹಿಡಿದು ಅಳೆದರು.

"ಅಕ್ಕಾ, ಆ ಪೆಟ್ಟಿನ ದೃಶ್ಯಕ್ಕೆ ನಾಲ್ಕು ತಿಂಗಳು ಬೆವರು ಸುರಿಸಿದ್ದೀವಿ!" ಎಂದು ನಿರ್ದೇಶಕ ಬಾಯಿ ಬಡಿದುಕೊಂಡ.

"ಚೆನ್ನಾಗೇ ಸುರಿಸಿದ್ದೀಯಪ್ಪ. ಅದಕ್ಕೇ ಮಕ್ಕಳಿಗೆ ನೋವಾಗಿದ್ದು."

ಎರಡನೆಯ ಪ್ರದರ್ಶನದಲ್ಲಿ ಕರಡಿ ಜಾರಿತು. ಕೋಳಿ ಕತ್ತು ಓರೆಮಾಡಿ ಕಾಯಿತು, ಕಾಯುತ್ತಲೇ ಇತ್ತು. ಕೊನೆಗೆ ಕೆಳಗಿನಿಂದ 'ದಬಾರ್' ಎಂದದ್ದೇ ತಡ, ಮಕ್ಕಳ ಜೊತೆಗೆ ಅಜ್ಜಂದಿರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ಮಾಪಕರು ಕಣ್ಣೊರೆಸಿಕೊಳ್ಳುತ್ತಾ, "ಇನ್ನೆರಡು ಸಲ ಬೀಳಿಸೋಕಾಗುತ್ತಾ, ಅಕ್ಕಾ?" ಎಂದರು.