ಗೀರಿಲ್ಲದ ಕುದುರೆ

ನಮ್ಮ ಮರದ ಕುದುರೆಯ ಕತ್ತು ಇವತ್ತು ನುಣ್ಣಗೆ ಬಂತು! ಚನ್ನಪಟ್ಟಣದ ನಮ್ಮ ಬೊಂಬೆ ಶೆಡ್ಡಿನಲ್ಲಿ ಮೊಮ್ಮಗಳು ಅದನ್ನು ಕಂಪ್ಯೂಟರ್ ಮೆಷಿನ್ನಿನಲ್ಲಿ ಕೊರೆದಳು. ಕೆನ್ನೆಗೆ ಉಜ್ಜಿ ನೋಡಿ ಕುಣಿದುಬಿಟ್ಟೆ. ಆ ಮೆಷಿನ್ ತಂದವನು ನನ್ನ ಮಗ, ಅವಳ ಅಪ್ಪ. ತಿರುವು ಬಂದಲ್ಲೆಲ್ಲ ಅದು ಅದುರಿ ಮರದ ಮೇಲೆ ಗೀರು ಬಿಡುತ್ತಿತ್ತು. ಅದನ್ನು ಸರಿಮಾಡುವ ಮೊದಲೇ ಹೋದ ವರ್ಷ ಅವನು ತೀರಿಕೊಂಡ.

"ಅದೇನ್ ಮಾಡ್ದೆ ಮಗಾ?" ಎಂದು ಕೇಳಿದೆ.

"ತಿರುವ್ನಲ್ಲಿ ವೇಗ ಏರೋದು, ಇಳಿಯೋದು ಒಸಿ ನಿಧಾನ ಮಾಡ್ದೆ ಅಜ್ಜಿ. ನೀನು ಮೆಟ್ಲು ಇಳಿಯೋ ಹಂಗೆ."

"ನನ್ ಮೊಣಕಾಲ್ನೂ ಬುಡಲ್ವಲ್ಲ ನೀನು!"

ಅಪ್ಪ ಕೊನೆಗೆ ಕೊರೆದಿದ್ದ ಕುದುರೆಯನ್ನು ಅವಳು ಎತ್ತಿಕೊಂಡಳು. "ಇದ್ನೂ ಉಜ್ಜಿ ನುಣ್ಣಗೆ ಮಾಡ್ಲಾ?"

"ಬ್ಯಾಡ, ಹಂಗೇ ಇರ್ಲಿ." ಕುದುರೆಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಆ ಗೀರುಗಳ ಮೇಲೆ ಬೆರಳಾಡಿಸುತ್ತಾ ಕೂತಿರುತ್ತಿದ್ದ ನನ್ನ ಮಗ.

ಸಂಜೆ ಎರಡೂ ಕುದುರೆಗಳನ್ನು ನಡುವೆ ಇಟ್ಟುಕೊಂಡು, ಮನೆಯವರೆಲ್ಲ ಕೂತು ಮುದ್ದೆ ಸಾರು ಉಂಡೆವು.