ಕ್ಯಾರಿಯರಿನ ಕೆಳಗಿನ ಡಬ್ಬಿ

ಪೀಣ್ಯ ಕಡೆಯ ಒಂದು ತೆರಿಗೆ ಕಚೇರಿಯ ಹಳೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಬದಲಿಸುವ ಯೋಜನೆ ಬರೆಯಲು ವೈಟ್‌ಫೀಲ್ಡಿನಿಂದ ನಾನು ಹೋಗುತ್ತಿದ್ದೆ. ಅಲ್ಲಿನ ಹೆಡ್‌ಕ್ಲರ್ಕು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಯೋಚ್ನೆ ಮಾಡ್ಬೇಡಿ ಸಾರ್, ಎಲ್ಲಾ ಭದ್ರವಾಗಿದೆ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ, "ದಾಖಲೆಗಳ ಇನ್ನೊಂದು ಪ್ರತಿ ಎಲ್ಲಿಡ್ತೀರಿ?" ಎಂದು ಕೇಳಿದೆ. ನನ್ನ ಯೋಜನೆಯ ನಕ್ಷೆಯಲ್ಲಿ ಅದನ್ನಿಡಲೆಂದೇ ಬೇರೊಂದು ಕಟ್ಟಡವನ್ನು ಬರೆದಿದ್ದೆ. ಅವರು ಊಟದ ಕ್ಯಾರಿಯರ್ ಬಿಚ್ಚಿದರು. ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ. ಕೆಳಗಿನದರಲ್ಲಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ, ಕಚೇರಿಯ ದಾಖಲೆಗಳೆಲ್ಲ ತುಂಬಿದ ಕಂಪ್ಯೂಟರ್ ಟೇಪು.

"ಇಲ್ಲಿ ಇಲಿ ಕಾಟ. ಅದಕ್ಕೇ ದಿನಾ ಜಾಲಹಳ್ಳಿ ಮನೇಗೇ ತಗೊಂಡ್ಹೋಗ್ತೀನಿ."

ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು:

"ಯೋಚ್ನೆ ಮಾಡ್ಬೇಡಿ ಸಾರ್. ಹೋದ್ ತಿಂಗ್ಳು ಈ ಕ್ಯಾರಿಯರ್ನ ಬಸ್ಸಲ್ಲೇ ಮರೆತ್ಬಿಟ್ಟಿದ್ದೆ. ಪಾಪ, ಆ ಕಂಡಕ್ಟ್ರು ಎಲ್ಲಾ ಡಬ್ಬೀನೂ ಚೆನ್ನಾಗಿ ತೊಳ್ದು ತಂದ್ಕೊಟ್ರು."