ಎಂಟು ಮಂದಿ ಎಡಚಿಯರು

ನನಗೆ ಅವ್ವನ ಮುಖ ನೆನಪಿಲ್ಲ. ಹೀಗೆ ಹೇಳಲು ನಾಚಿಕೆಯೇನೂ ಇಲ್ಲ. ಅವಳು ತೀರಿಕೊಂಡಾಗ ನನಗೆ ಏಳು ವರ್ಷ. ನೆನಪಿರುವುದು ಅವಳ ಎಡಗೈ. ಆ ಕೈಯಲ್ಲಿ ರೊಟ್ಟಿ ಬಡಿದರೆ ಅಜ್ಜಿ ಸಿಡಿಯುತ್ತಿದ್ದಳು, ಬಡಿಸಿದರಂತೂ ಮನೆಯೇ ಹಾರಿಹೋಗುವಂತೆ ಕೂಗಾಡುತ್ತಿದ್ದಳು. ಹೊಲದಲ್ಲಿ ಮಾತ್ರ ಆ ಕೈಗೆ ಸರಿಸಾಟಿ ಇರಲಿಲ್ಲ. ಕುರ್ಪಿ ಹಿಡಿದು ಬೆಳೆಯ ನಡುವಿನ ಕಳೆ-ಕಸ ತೆಗೆಯಲು ಕೂತಳೆಂದರೆ ಉಳಿದವರು ಅರ್ಧ ಸಾಲು ಮುಗಿಸುವಷ್ಟರಲ್ಲಿ ಇವಳು ಬದು ಮುಟ್ಟಿರುತ್ತಿದ್ದಳು. ಮೊಣಕೈ ಪಕ್ಕದವಳಿಗೆ ಬಡಿಯುತ್ತದೆಂದು ಅವಳಿಗೆ ಯಾವಾಗಲೂ ಅಂಚಿನ ಸಾಲು.

ನಮ್ಮೂರು ಮಾದನಹಿಪ್ಪರಗಾದಿಂದ ಎರಡು ಹರದಾರಿ. ಆಗ ನಿಜಾಮರ ಕಾಲ. ಒಂದು ದಿನ ಹೈದರಾಬಾದಿನಿಂದ ಸಾಹೇಬರೊಬ್ಬರು ಮೂರು ಕಾಲಿನ ಕ್ಯಾಮೆರಾ ಹೊರಿಸಿಕೊಂಡು ನಮ್ಮ ಹೊಲಕ್ಕೇ ಬಂದರು. ಅವ್ವನೂ ಸೇರಿ ಹೆಂಗಸರು ಒಂಬತ್ತು ಮಂದಿ. ನಾನು ಬೇವಿನ ನೆರಳಲ್ಲಿ ನೀರಿನ ಕೊಡ ಕಾಯುತ್ತಿದ್ದೆ. ಸಾಹೇಬರ ಜೊತೆ ಬಂದಿದ್ದ ಗೌಡರು, “ಸಾಹೇಬ್ರು ಫೋಟೊ ತೆಗಿಲಾಕ ಬಂದಾರ, ಮಾರಿ ಮ್ಯಾಲೆ ಎತ್ರಿ ಬೇ!” ಎಂದರು. ಪರ ಗಂಡಸು ಎದುರಿಗಿದ್ದರೆ ಮುಖ ಎತ್ತುವುದುಂಟೆ? ಒಂಬತ್ತೂ ಸೆರಗು ಮೂಗಿನ ಕೆಳಗೆ ಇಳಿದವು. ಗೌಡರು ಕೂಗಿದಷ್ಟೂ ಇನ್ನಷ್ಟು ಇಳಿದವು. ಸಾಹೇಬರು ನಕ್ಕು, ಹಾಗೆಯೇ ತೆಗೆದುಕೊಂಡು ಹೋದರು. ಅವ್ವನದು ಬೇರೆ ಫೋಟೊ ಇಲ್ಲ.

ಮೊನ್ನೆ ಮೊನ್ನೆ ಆಳಂದದ ಒಂದು ಪ್ರದರ್ಶನದಲ್ಲಿ ಹಳೆಯ ಫೋಟೊಗಳನ್ನು ಗೋಡೆಗೆ ಹಾಕಿದ್ದಾರೆ, ಅದರಲ್ಲಿ ನಮ್ಮೂರೂ ಇದೆ ಎಂದು ತಿಳಿಯಿತು. ಮೊಮ್ಮಗಳನ್ನು ಕಟ್ಟಿಕೊಂಡು ಹೋದೆ. ಮುಖ ಕಾಣದಿದ್ದರೇನು, ಎಡಗೈಯಲ್ಲಿ ಕುರ್ಪಿ ಇದ್ದವಳೇ ನಮ್ಮವ್ವ ಎಂದು ದಾರಿಯುದ್ದಕ್ಕೂ ಜಂಬದಿಂದ ಹೇಳಿದ್ದೆ.

ಫೋಟೊದ ಮುಂದೆ ನಿಂತು ನೋಡಿದರೆ ಎಂಟು ಮಂದಿಯ ಕುರ್ಪಿ ಎಡಗೈಯಲ್ಲಿದೆ! ಇದೊಂದು ಗುರುತೂ ಹೋದರೆ ಅವ್ವ ನನಗೆ ಇನ್ನೆಲ್ಲಿ ಸಿಗಬೇಕು? ಕನ್ನಡಕ ಒರೆಸಿ ಮತ್ತೆ ಎಣಿಸಿದೆ. ಎಂಟೇ. ಅಂಚಿನ ಸಾಲಿನ ಒಬ್ಬಳದು ಮಾತ್ರ ಬಲಗೈ. ಆಗ ಹೊಳೆಯಿತು, ನಕ್ಕುಬಿಟ್ಟೆ.

ಅಲ್ಲಿ ನೋಡಿಕೊಳ್ಳಲು ಒಬ್ಬ ಹುಡುಗಿ ಇದ್ದಳು. ಕರೆದು ಹೇಳಿದೆ: “ತಂಗಿ, ಇದನ್ನ ಉಲ್ಟಾ ಹಾಕೀರಿ ನೋಡು.”

“ಹ್ಯಾಂಗ ಹೇಳ್ತೀರಿ ಆಯಿ?”

“ಒಂದೂರಾಗ ಎಂಟು ಮಂದಿ ಎಡಚೇರು ಇರ್ತಾರೇನ? ನಮ್ಮೂರಾಗ ಒಬ್ಬಾಕೀನೇ ಇದ್ಲು. ಆಕಿ ನಮ್ಮವ್ವ.”

ಅವಳು ತನ್ನ ಮೊಬೈಲಿನಲ್ಲಿ ಆ ಚಿತ್ರ ತೆಗೆದು ಎಡಬಲ ಅದಲುಬದಲು ಮಾಡಿದಳು. ಎಂಟು ಕುರ್ಪಿ ಬಲಗೈಗೆ ಬಂದವು, ಒಂದು ಎಡಗೈಗೆ. ಹುಡುಗಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ನನಗೆ ಅಳು ಬಂತು, ಅತ್ತೆ.

ಚಿತ್ರದ ಕೆಳಗಿನ ಚೀಟಿಯಲ್ಲಿ “ಕಸ ತೆಗೆಯುವ ಹೆಂಗಸರು, ಹೆಸರು ತಿಳಿದಿಲ್ಲ” ಎಂದಿತ್ತು. ಹುಡುಗಿ ಪೆನ್ನು ತೆಗೆದು, “ನಿಮ್ಮವ್ವನ ಹೆಸರು ಹೇಳ್ರಿ ಆಯಿ, ಬರಿತೇನಿ” ಎಂದಳು.

ಊರಿಗೆ ಅವಳು ಎಡಚಿ, ಅಪ್ಪನಿಗೆ ‘ಏ ಇವಳೇ’, ನನಗೆ ಅವ್ವ. ಅವಳ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದೇ ಇರಲಿಲ್ಲ. ಆ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ಅವಳು ಬರೆದಳು. ಅವ್ವನ ಹೆಸರು ಒಂದು ಕಡೆ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.